ಬಳಸಿದ ವಿದ್ಯುತ್ ಕಾರಿನ ಮಾರಾಟ: ಎಕ್ಸ್‌ಚೇಂಜ್ ಲಾಭವೋ, ನೇರ ಮಾರಾಟ ಲಾಭವೋ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಂಥ ಊರುಗಳಲ್ಲಿ ಹಳೆಯ ಕಾರು ಕೈಬದಲಾಗುವುದಕ್ಕೆ ಎರಡು ದಾರಿಗಳು ರೂಢಿಯಲ್ಲಿವೆ. ಹೊಸ ಕಾರು ಕೊಳ್ಳುವ ಷೋರೂಮಿಗೇ ಹಳೆಯದನ್ನು ಒಪ್ಪಿಸಿ, ಅದಕ್ಕೆ ಅವರು ಕಟ್ಟಿದ ಬೆಲೆಯನ್ನು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವುದು ಮೊದಲನೆಯದು. ಇದನ್ನು ಎಲ್ಲರೂ ಎಕ್ಸ್‌ಚೇಂಜ್ ಎನ್ನುತ್ತಾರೆ. ಪರಿಚಯದವರ ಮೂಲಕವೋ, ಆಟೊ ಕನ್ಸಲ್ಟಿಂಗ್ ನಡೆಸುವವರ ಮೂಲಕವೋ, ಮೊಬೈಲಿನಲ್ಲಿ ಜಾಹೀರಾತು ಕೊಟ್ಟೋ ಗಿರಾಕಿಯನ್ನು ಹುಡುಕಿ ನೇರವಾಗಿ ಮಾರುವುದು ಎರಡನೆಯದು. ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ವಿಷಯದಲ್ಲಿ ಈ ಆಯ್ಕೆ ಅಷ್ಟೇನೂ ಕಠಿಣವಲ್ಲ, ಏಕೆಂದರೆ ಎಂಜಿನ್ನಿನ ಸದ್ದು ಕೇಳಿ, ಹೊಗೆ ನೋಡಿ, ಓಡಿದ ಕಿಲೋಮೀಟರ್ ಲೆಕ್ಕ ಹಾಕಿ ಬೆಲೆ ಹೇಳಬಲ್ಲ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇದ್ದಾನೆ. ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರಿಗೆ ಅಂಥ ಪರಿಣತರು ಜಿಲ್ಲೆಯ ಊರುಗಳಲ್ಲಿ ಇನ್ನೂ ವಿರಳವಾಗಿರುವುದರಿಂದ, ಬ್ಯಾಟರಿಯ ಬಗ್ಗೆ ಕೊಳ್ಳುವವನಿಗಿರುವ ಅನುಮಾನವೆಲ್ಲ ಬೆಲೆಯ ಕಡಿತವಾಗಿ ಮಾರುವವನ ಮೇಲೆ ಬೀಳುತ್ತದೆ. ಎರಡು ದಾರಿಗಳ ನಡುವೆ ಕಾಣುವ ಹಣದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ಅನುಮಾನದ ಬೆಲೆಯೇ ಆಗಿದ್ದು, ಅನುಮಾನವನ್ನು ದಾಖಲೆಯಿಂದ ನಿವಾರಿಸಬಲ್ಲ ಮಾಲೀಕನಿಗೆ ಆ ಹಣ ಮರಳಿ ದಕ್ಕುತ್ತದೆ ಎಂಬುದೇ ಈ ವಿಷಯದ ಮುಖ್ಯ ಅಂಶ.

ಬ್ಯಾಟರಿಯೇ ಕಾರಿನ ಮರುಮಾರಾಟದ ಬೆಲೆಯನ್ನು ನಿರ್ಧರಿಸುತ್ತದೆ ಎಂಬ ಪಾಠ ಕರ್ನಾಟಕಕ್ಕೆ ಹೊಸದಲ್ಲ. ಚೇತನ್ ಮೈನಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ, ಭಾರತದ ರಸ್ತೆಗಳಲ್ಲಿ ಜನಸಾಮಾನ್ಯರು ಕೊಂಡು ಓಡಿಸಿದ ಮೊದಲ ವಿದ್ಯುತ್ ಕಾರುಗಳಲ್ಲಿ ಮುಖ್ಯವಾದುದು. ಅದರ ಮೂಲ ಮಾದರಿಯಲ್ಲಿದ್ದುದು 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು, ಎಂದರೆ ಮನೆಯ ಇನ್ವರ್ಟರಿಗೆ ಬಳಸುವ ಜಾತಿಯವು. ಅವು ಕೆಲವೇ ವರ್ಷಗಳಲ್ಲಿ ಸೋಲುತ್ತಿದ್ದುದರಿಂದ, ಎರಡನೇ ಕೈಯಲ್ಲಿ ರೇವಾ ಕೊಳ್ಳುವವನು ಹೊಸ ಬ್ಯಾಟರಿಗಳ ಖರ್ಚನ್ನು ಮೊದಲೇ ಕಳೆದು ಬೆಲೆ ಹೇಳಬೇಕಾಗುತ್ತಿತ್ತು. ಕಾರಿನ ಉಳಿದ ಭಾಗ ಎಷ್ಟೇ ಚೆನ್ನಾಗಿದ್ದರೂ ಆ ಕಡಿತ ತಪ್ಪುತ್ತಿರಲಿಲ್ಲ. 2010ರಲ್ಲಿ ಮಹೀಂದ್ರಾ ಸಂಸ್ಥೆ ಈ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಕಾರನ್ನು ತಂದ ಮೇಲೆ ಬ್ಯಾಟರಿಯ ಆಯುಷ್ಯ ಬದಲಾಯಿತಾದರೂ, ವಿದ್ಯುತ್ ಕಾರಿನ ಬ್ಯಾಟರಿ ಬೇಗ ಕೈಕೊಡುತ್ತದೆ ಎಂಬ ನಂಬಿಕೆ ಜನರ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಇಂದು ಕುಷ್ಟಗಿಯಲ್ಲಿ ಸೆಕೆಂಡ್ ಹ್ಯಾಂಡ್ ವಿದ್ಯುತ್ ಕಾರು ಎಂದ ಕೂಡಲೇ ಬರುವ ಮೊದಲ ಪ್ರಶ್ನೆ "ಬ್ಯಾಟರಿ ಹೋದ್ರ ಏನ್ ಮಾಡೋದು" ಎಂಬುದೇ.

ವಾಸ್ತವದಲ್ಲಿ ಈಗಿನ ಬ್ಯಾಟರಿಗಳು ಹಠಾತ್ತಾಗಿ ಸಾಯುವುದು ಅಪರೂಪ. ಅವು ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಹೊಸದಿದ್ದಾಗ ಹಿಡಿಯುತ್ತಿದ್ದ ವಿದ್ಯುತ್ತಿನಲ್ಲಿ ಈಗ ಶೇಕಡಾ ಎಷ್ಟು ಹಿಡಿಯುತ್ತದೆ ಎಂಬ ಪ್ರಮಾಣವನ್ನು ತಂತ್ರಜ್ಞರು ಸ್ಟೇಟ್ ಆಫ್ ಹೆಲ್ತ್, ಅಂದರೆ ಬ್ಯಾಟರಿಯ ಆರೋಗ್ಯಾಂಕ ಎನ್ನುತ್ತಾರೆ. ವಾಹನಗಳ ದತ್ತಾಂಶ ಸಂಗ್ರಹಿಸುವ ಕೆನಡಾದ ಜಿಯೋಟ್ಯಾಬ್ ಸಂಸ್ಥೆ ಸಾವಿರಾರು ವಿದ್ಯುತ್ ವಾಹನಗಳನ್ನು ಪರಿಶೀಲಿಸಿ, ಸರಾಸರಿ ಸವಕಳಿ ವರ್ಷಕ್ಕೆ ಶೇ. 2.3 ಎಂದು 2019ರಲ್ಲಿಯೂ, ಶೇ. 1.8 ಎಂದು 2024ರಲ್ಲಿಯೂ ಪ್ರಕಟಿಸಿತು. ಅದೇ ಸಂಸ್ಥೆಯ ವಿಶ್ಲೇಷಣೆಯಂತೆ ಬಿಸಿ ಹವೆಯ ಪ್ರದೇಶಗಳಲ್ಲಿಯೂ, ಪದೇ ಪದೇ ಫಾಸ್ಟ್ ಚಾರ್ಜಿಂಗ್ ಮಾಡುವ ವಾಹನಗಳಲ್ಲಿಯೂ ಸವಕಳಿ ಹೆಚ್ಚು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ಕೊಪ್ಪಳದ ಸೀಮೆಗೆ ಈ ಮಾತು ನೇರವಾಗಿ ಅನ್ವಯಿಸುವುದರಿಂದ, ಕಾರು ಇಷ್ಟು ವರ್ಷ ನೆರಳಿನಲ್ಲಿ ನಿಂತಿತ್ತೋ ಬಿಸಿಲಿನಲ್ಲಿ ನಿಂತಿತ್ತೋ, ಮನೆಯ ಚಾರ್ಜಿನಲ್ಲಿ ಬದುಕಿತೋ ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಬದುಕಿತೋ ಎಂಬುದನ್ನು ಕೊಳ್ಳುವವನು ಕೇಳುವುದು ನ್ಯಾಯವೇ ಆಗಿದೆ.

ಎತ್ತಿನ ವ್ಯಾಪಾರದಲ್ಲಿ ಹಲ್ಲು ಹಿಡಿದು ನೋಡದೆ ಯಾರೂ ಬೆಲೆ ಮಾತಾಡುವುದಿಲ್ಲ. ವಿದ್ಯುತ್ ಕಾರಿನ ಹಲ್ಲು ಎಂದರೆ ಈ ಆರೋಗ್ಯಾಂಕವೇ. ಅದನ್ನು ತಿಳಿಯುವುದಕ್ಕೆ ಎರಡು ಮಾರ್ಗಗಳಿವೆ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕಾರನ್ನು ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಿಸಿ, ವರದಿಯನ್ನು ಬರಹದಲ್ಲಿ ಪಡೆಯುವುದು ಉತ್ತಮ ಮಾರ್ಗ. ಎರಡನೆಯದು ಯಾರೂ ಮಾಡಬಹುದಾದ ರಸ್ತೆ ಪರೀಕ್ಷೆ. ಉದಾಹರಣೆಗೆ 2020ರ ಜನವರಿಯಲ್ಲಿ ಬಿಡುಗಡೆಯಾದ ಮೊದಲ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್ ಸಾಮರ್ಥ್ಯದ್ದು, ಸರಳವಾಗಿ ಹೇಳುವುದಾದರೆ ಸುಮಾರು 30 ಯೂನಿಟ್ ವಿದ್ಯುತ್ ಹಿಡಿಯುವಂಥದು. ಕಂಪನಿ ಪ್ರಮಾಣೀಕೃತ ಓಟವೆಂದು ಹೇಳಿದ್ದು 312 ಕಿ.ಮೀ.; ನಿತ್ಯದ ಬಳಕೆಯಲ್ಲಿ 200 ಕಿ.ಮೀ. ಆಸುಪಾಸು ಸಿಕ್ಕರೆ ಅದು ಸಹಜ ಸ್ಥಿತಿ. ಇಂಥ ಕಾರನ್ನು ರಾತ್ರಿ ಪೂರ್ತಿ ನೂರಕ್ಕೆ ನೂರು ಚಾರ್ಜ್ ಮಾಡಿ, ಬೆಳಿಗ್ಗೆ ಕುಷ್ಟಗಿಯಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆಯ ದಿಕ್ಕಿಗೆ ಎಸಿ ಹಾಕಿಕೊಂಡು, ಗಂಟೆಗೆ 70–80 ಕಿ.ಮೀ. ವೇಗದಲ್ಲಿ 50 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ಮರಳಬೇಕು. ಹೋಗುವಾಗ ಗಾಳಿ ಎದುರಾದರೆ ಬರುವಾಗ ಹಿಂದಿನಿಂದ ಬರುವುದರಿಂದ ಲೆಕ್ಕ ಬಹುಮಟ್ಟಿಗೆ ಸಮವಾಗುತ್ತದೆ. 100 ಕಿ.ಮೀ.ಗೆ ಅರ್ಧದಷ್ಟು ಚಾರ್ಜ್ ಖರ್ಚಾಗಿದ್ದರೆ ಬ್ಯಾಟರಿ ನೆಟ್ಟಗಿದೆ ಎಂದೂ, ಶೇ. 65–70 ಖರ್ಚಾಗಿದ್ದರೆ ಸರ್ವಿಸ್ ಕೇಂದ್ರದ ಪರೀಕ್ಷೆಯಿಲ್ಲದೆ ಮುಂದುವರಿಯಬಾರದೆಂದೂ ತಿಳಿಯಬೇಕು. ಪರೀಕ್ಷೆಗೆ ಮೊದಲು ಪೂರ್ತಿ ಚಾರ್ಜ್ ಮಾಡಬೇಕೆನ್ನುವುದಕ್ಕೆ ಕಾರಣವಿದೆ: ನೆಕ್ಸಾನಿನಂಥ ಕಾರುಗಳಲ್ಲಿರುವ ಲಿಥಿಯಂ-ಐರನ್-ಫಾಸ್ಫೇಟ್ ಕೋಶಗಳ ವೋಲ್ಟೇಜು ಚಾರ್ಜ್ ಇಳಿಯುತ್ತಿದ್ದರೂ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ, ಆಗಾಗ ನೂರು ಮುಟ್ಟಿಸದಿದ್ದರೆ ಕಾರಿನ ಗಣಕವೇ ಉಳಿದ ಚಾರ್ಜನ್ನು ತಪ್ಪಾಗಿ ಅಂದಾಜಿಸಿ, ಒಳ್ಳೆಯ ಬ್ಯಾಟರಿಯನ್ನೂ ಕೆಟ್ಟದ್ದೆಂದು ತೋರಿಸಬಹುದು.

ಬೆಲೆ ಇಳಿಯುವುದಕ್ಕೆ ಬ್ಯಾಟರಿಯ ಸವಕಳಿಗಿಂತಲೂ ಬಲವಾದ ಇನ್ನೊಂದು ಕಾರಣ ಹೊಸ ಕಾರುಗಳ ಬೆಲೆಯೇ ಇಳಿದದ್ದು. ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಸ್ಥೆಯ ವಾರ್ಷಿಕ ಸಮೀಕ್ಷೆಯಂತೆ ಲಿಥಿಯಂ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ 2024ರಲ್ಲಿ ಒಂದೇ ವರ್ಷಕ್ಕೆ ಶೇ. 20ರಷ್ಟು ಕುಸಿದು, ಪ್ರತಿ ಕಿಲೋವ್ಯಾಟ್ ಅವರ್‌ಗೆ 115 ಡಾಲರಿಗೆ ಬಂತು. ಅದೇ ವರ್ಷದ ಫೆಬ್ರುವರಿಯಲ್ಲಿ ಟಾಟಾ ಮೋಟಾರ್ಸ್ ನೆಕ್ಸಾನ್ ಇವಿಯ ಬೆಲೆಯನ್ನು 1.2 ಲಕ್ಷ ರೂಪಾಯಿವರೆಗೆ, ಟಿಯಾಗೊ ಇವಿಯ ಬೆಲೆಯನ್ನು 70 ಸಾವಿರ ರೂಪಾಯಿವರೆಗೆ ಕಡಿತಗೊಳಿಸಿತು. ಹಿಂದಿನ ವರ್ಷ ಪೂರ್ತಿ ಬೆಲೆ ಕೊಟ್ಟು ಕೊಂಡವನ ಕಾರಿನ ಮೌಲ್ಯ, ಅದು ಒಂದು ಕಿಲೋಮೀಟರ್ ಕೂಡ ಓಡದಿದ್ದರೂ, ಆ ದಿನ ಅಷ್ಟು ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಸೆಸ್ ಕೂಡ ರದ್ದಾಗಿ, ಶೇ. 5ರಲ್ಲೇ ಉಳಿದ ವಿದ್ಯುತ್ ಕಾರಿಗೂ ಪೆಟ್ರೋಲ್ ಕಾರಿಗೂ ಇದ್ದ ತೆರಿಗೆಯ ಅಂತರ ಕಿರಿದಾಯಿತು. ಹೀಗಾಗಿ ಮಾರುವವನು ತಾನು ಕೊಟ್ಟ ಬೆಲೆಯಿಂದ ಲೆಕ್ಕ ಆರಂಭಿಸುವುದು ನಿಷ್ಪ್ರಯೋಜಕ. ಅಂಥದೇ ಹೊಸ ಕಾರು ಇಂದು ಎಷ್ಟಕ್ಕೆ ಸಿಗುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕು.

ಷೋರೂಮಿನವರು ಎಕ್ಸ್‌ಚೇಂಜ್ ಬೆಲೆ ಕಟ್ಟುವ ರೀತಿಯನ್ನು ತಿಳಿದರೆ ಅವರು ಹೇಳುವ ಮೊತ್ತ ಏಕೆ ಕಡಿಮೆ ಎಂಬುದೂ ತಿಳಿಯುತ್ತದೆ. ಅನೇಕ ಕಡೆ ಷೋರೂಮು ಹಳೆಯ ಕಾರನ್ನು ತಾನೇ ಇಟ್ಟುಕೊಂಡು ಮಾರುವುದಿಲ್ಲ. ಹಳೆಯ ಕಾರಿನ ವ್ಯಾಪಾರಿಗಳಿಗೆ ಫೋಟೊ ಕಳಿಸಿ, ಅವರು ಕೂಗಿದ ಬೆಲೆಯಲ್ಲಿ ತನ್ನ ಪಾಲು ಹಿಡಿದು ಉಳಿದದ್ದನ್ನು ಗಿರಾಕಿಗೆ ಹೇಳುತ್ತದೆ. ಆ ವ್ಯಾಪಾರಿ ದುರಸ್ತಿಯ ಖರ್ಚು, ಕಾರು ಮಾರಾಟವಾಗದೆ ನಿಲ್ಲುವ ದಿನಗಳ ಬಡ್ಡಿ, ಲಾಭ ಇವುಗಳ ಜೊತೆಗೆ ತೆರಿಗೆಯನ್ನೂ ಲೆಕ್ಕ ಹಾಕಬೇಕು. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ, ನೋಂದಾಯಿತ ವ್ಯಾಪಾರಿಗಳು ಮಾರುವ ಬಳಸಿದ ವಿದ್ಯುತ್ ಕಾರುಗಳಿಗೂ ಶೇ. 18ರ ದರ ನಿಗದಿಪಡಿಸಿದಾಗ, ಮನೆಯ ಕಾರು ಮಾರುವ ಜನಸಾಮಾನ್ಯರೂ ಶೇ. 18 ಕಟ್ಟಬೇಕೆಂಬ ಗೊಂದಲ ಹಬ್ಬಿತು. ಅದು ತಪ್ಪು ತಿಳಿವಳಿಕೆ. ತೆರಿಗೆ ಬೀಳುವುದು ವ್ಯಾಪಾರಿಯ ಲಾಭಾಂಶಕ್ಕೆ ಮಾತ್ರ. 6 ಲಕ್ಷಕ್ಕೆ ಕೊಂಡು 7 ಲಕ್ಷಕ್ಕೆ ಮಾರಿದರೆ ನಡುವಿನ ಒಂದು ಲಕ್ಷದ ಮೇಲಷ್ಟೇ ತೆರಿಗೆ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ತನ್ನ ಸ್ವಂತ ಕಾರನ್ನು ಮಾರಿದಾಗ ಜಿಎಸ್‌ಟಿ ಇಲ್ಲವೇ ಇಲ್ಲ, ಮತ್ತು ಮನೆಬಳಕೆಯ ಕಾರು ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿಯಾಗಿ ಎಣಿಕೆಯಾಗದ ಕಾರಣ ಲಾಭ ತೆರಿಗೆಯ ಪ್ರಶ್ನೆಯೂ ಏಳುವುದಿಲ್ಲ. ವ್ಯಾಪಾರಿಯ ಲಾಭ ಮತ್ತು ತೆರಿಗೆ ಎರಡೂ ಉಳಿಯುವುದರಿಂದ ನೇರ ಮಾರಾಟದಲ್ಲಿ ಕೊಡುವವನಿಗೆ ಹೆಚ್ಚು, ಕೊಳ್ಳುವವನಿಗೆ ಕಡಿಮೆ ಎಂಬ ಸ್ಥಿತಿ ಏಕಕಾಲಕ್ಕೆ ಸಾಧ್ಯವಾಗುತ್ತದೆ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಳೆಯ ಕಾರನ್ನು ಡೀಲರಿಗೆ ಒಪ್ಪಿಸಿದರೆ ಅದರ ಬೆಲೆಯನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ ಹೊಸ ಕಾರಿನ ಮಾರಾಟ ತೆರಿಗೆ ಹಾಕುತ್ತಾರೆ. ಆದ್ದರಿಂದ ಅಲ್ಲಿ ಎಕ್ಸ್‌ಚೇಂಜಿಗೆ ತನ್ನದೇ ಆದ ತೆರಿಗೆಯ ಲಾಭವಿದೆ. ಕರ್ನಾಟಕದಲ್ಲಿ ಹೊಸ ಕಾರಿನ ಜಿಎಸ್‌ಟಿಯಾಗಲಿ ಆಜೀವ ತೆರಿಗೆಯಾಗಲಿ ಹೊಸ ಕಾರಿನ ಬೆಲೆಯನ್ನೇ ಆಧರಿಸಿರುವುದರಿಂದ ಆ ಲಾಭ ಇಲ್ಲಿಲ್ಲ. ಇಲ್ಲಿರುವುದು ಕಂಪನಿ ಕೊಡುವ ಎಕ್ಸ್‌ಚೇಂಜ್ ಬೋನಸ್. ಅದು ಹಳೆಯ ಕಾರಿನ ಬೆಲೆಯಲ್ಲ, ಹೊಸ ಕಾರಿನ ಮೇಲಿನ ರಿಯಾಯಿತಿ. ಎರಡನ್ನೂ ಕೂಡಿಸಿ ಒಂದೇ ಮೊತ್ತವಾಗಿ ಹೇಳಿದಾಗ ಹಳೆಯ ಕಾರಿಗೆ ಒಳ್ಳೆಯ ಬೆಲೆ ಬಂತೆಂಬ ಭ್ರಮೆ ಹುಟ್ಟುತ್ತದೆ. ಹಳೆಯ ಕಾರಿಗೆ ಎಷ್ಟು, ಬೋನಸ್ ಎಷ್ಟು, ಹಳೆಯ ಕಾರು ಕೊಡದೆ ಬರಿಯ ಹೊಸದನ್ನು ಕೊಂಡರೆ ರಿಯಾಯಿತಿ ಎಷ್ಟು ಎಂಬ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ಬರೆಸಿಕೊಂಡ ಮೇಲೆಯೇ ಹೋಲಿಕೆಗೆ ಕೂರಬೇಕು.

ನೇರ ಮಾರಾಟದ ಕಷ್ಟ ಬೇರೆ ಬಗೆಯದು. ಕುಷ್ಟಗಿಯಲ್ಲಿ ವಿದ್ಯುತ್ ಕಾರು ಕೊಳ್ಳಬಲ್ಲವನು ಸ್ವಂತ ಮನೆ, ಕಾರು ನಿಲ್ಲಿಸುವ ಜಾಗ ಮತ್ತು ಸರಿಯಾದ ಅರ್ತಿಂಗ್ ಇರುವ 15 ಆಂಪಿಯರಿನ ಪ್ಲಗ್ ಪಾಯಿಂಟ್ ಉಳ್ಳವನಾಗಿರಬೇಕು. ಅರ್ತಿಂಗ್ ಕೆಟ್ಟಿದ್ದರೆ ಚಾರ್ಜರು ಸುರಕ್ಷತೆಯ ದೃಷ್ಟಿಯಿಂದ ಚಾರ್ಜ್ ಮಾಡಲು ನಿರಾಕರಿಸುತ್ತದೆ, ಮತ್ತು ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತಿಂಗ್ ಗುಂಡಿಗೆ ನೀರು ಹಾಕದಿದ್ದರೆ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಇದನ್ನು ಅರಿಯದ ಹೊಸ ಮಾಲೀಕ ಕಾರೇ ಕೆಟ್ಟಿದೆ ಎಂದು ಮಾರಿದವನ ಮನೆಗೆ ಬರುತ್ತಾನೆ. ವಿದ್ಯುತ್ ಬಿಲ್ಲಿನ ಲೆಕ್ಕವನ್ನೂ ಮೊದಲೇ ಹೇಳಬೇಕು. ತಿಂಗಳಿಗೆ 1,000 ಕಿ.ಮೀ. ಓಡುವ, ಯೂನಿಟ್ಟಿಗೆ 7 ಕಿ.ಮೀ. ಕೊಡುವ ಕಾರಿಗೆ ಸುಮಾರು 143 ಯೂನಿಟ್ ಬೇಕು, ಚಾರ್ಜ್ ಆಗುವಾಗಿನ ನಷ್ಟ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. 2023ರಲ್ಲಿ ಜಾರಿಗೆ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಫ್ಯಾನು, ಫ್ರಿಜ್, ಮೋಟಾರುಗಳಿರುವ ಮನೆಗೆ ಕಾರು ಬಂದರೆ ಶೂನ್ಯ ಬಿಲ್ ಕೈತಪ್ಪುವ ಸಂಭವವಿದೆ. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಉಳಿತಾಯವೇ ಇದೆ. ಆದರೆ ಅದನ್ನು ಮುಚ್ಚಿಟ್ಟು ಮಾರುವುದಕ್ಕಿಂತ ಬಿಚ್ಚಿ ಹೇಳಿ ಮಾರುವುದರಿಂದ ವ್ಯವಹಾರ ಗಟ್ಟಿಯಾಗುತ್ತದೆ.

ವಾರಂಟಿಯ ಕಾಗದ ಇಲ್ಲಿ ಕಾರಿನಷ್ಟೇ ಮುಖ್ಯ. ಮೊದಲ ನೆಕ್ಸಾನ್ ಇವಿಯ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇತ್ತು. ಈಚೆಗೆ ಕೆಲವು ಕಂಪನಿಗಳು ಬ್ಯಾಟರಿಗೆ ಆಜೀವ ವಾರಂಟಿ ಘೋಷಿಸಿವೆಯಾದರೂ ಅದು ಮೊದಲ ಮಾಲೀಕನಿಗೆ ಮಾತ್ರ ಸೀಮಿತವಾಗಿದ್ದು, ಆರ್‌ಸಿ ಬದಲಾದ ಕೂಡಲೇ ಇಂತಿಷ್ಟು ವರ್ಷ, ಇಂತಿಷ್ಟು ಕಿಲೋಮೀಟರ್ ಎಂಬ ಮಿತಿಗೆ ಇಳಿಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಎಂಜಿ ವಿಂಡ್ಸರ್ ಕಾರಿನಲ್ಲಿ ಇನ್ನೊಂದು ಹೊಸ ಬಗೆ ಸೇರಿತು: ಕಾರಿಗೆ ಮಾತ್ರ ಬೆಲೆ ಕೊಟ್ಟು, ಬ್ಯಾಟರಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಹಣ ಕಟ್ಟುವ ವ್ಯವಸ್ಥೆ ಅದು. ಇಂಥ ಕಾರಿನಲ್ಲಿ ಬ್ಯಾಟರಿಯ ಸಾಲ ತೀರದೆ ಅಥವಾ ಹಣಕಾಸು ಸಂಸ್ಥೆಯ ಒಪ್ಪಿಗೆಯಿಂದ ಹೊಸಬನಿಗೆ ವರ್ಗವಾಗದೆ ನೇರ ಮಾರಾಟಕ್ಕೆ ಕೈಹಾಕಬಾರದು. ಅದೇ ಕಾರಿಗೆ ಮೂರು ವರ್ಷದ ನಂತರ ಶೇ. 60ರಷ್ಟು ಬೆಲೆಗೆ ಮರುಖರೀದಿ ಮಾಡುವ ಭರವಸೆಯನ್ನು ಕಂಪನಿಯೇ ಕೊಟ್ಟಿತ್ತು. ಅಂಥ ಕರಾರು ಕೈಯಲ್ಲಿದ್ದವನು ಅದರ ಷರತ್ತುಗಳನ್ನು ಓದಿ, ಅವಧಿ ಮೀರದಂತೆ ಬಳಸಿಕೊಳ್ಳುವುದು ಲೇಸು.

ಎರಡೂ ದಾರಿಗಳಲ್ಲಿ ಹೆಚ್ಚು ಅಪಾಯವಿರುವುದು ಬೆಲೆಯಲ್ಲಲ್ಲ, ಹೆಸರು ಬದಲಾವಣೆಯಲ್ಲಿ. ಸಂಚಕಾರ ಪಡೆದು, ಡಿಲಿವರಿ ನೋಟಿಗೆ ಸಹಿ ಹಾಕಿಸಿಕೊಂಡು, ಖಾಲಿ ಫಾರಂಗಳಿಗೆ ಸಹಿ ಮಾಡಿ ಕೀಲಿ ಕೊಟ್ಟುಬಿಡುವ ಪದ್ಧತಿ ಈ ಭಾಗದಲ್ಲಿ ಇಂದಿಗೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಇದಕ್ಕಾಗಿ ಇರುವವೇ ಫಾರಂ 29 ಮತ್ತು ಫಾರಂ 30. ಬ್ಯಾಂಕಿನ ಸಾಲವಿದ್ದಲ್ಲಿ ಅದು ತೀರಿತೆಂಬುದಕ್ಕೆ ಫಾರಂ 35, ಹೊರರಾಜ್ಯಕ್ಕೆ ಹೋಗುವ ಕಾರಿಗೆ ಎನ್‌ಒಸಿ ಕೋರುವ ಫಾರಂ 28 ಬೇಕು. ಕಾರನ್ನು ಹಲವು ಕೈಗಳಿಗೆ ಮಾರಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದ ಒಂದು ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರಂದು ತೀರ್ಪಿತ್ತು, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನೇ ಕಾನೂನಿನ ಪ್ರಕಾರ ಮಾಲೀಕನೆಂದೂ ಪರಿಹಾರದ ಹೊಣೆಯೂ ಅವನದೇ ಎಂದೂ ಹೇಳಿತು. ಎಂದೋ ಮಾರಿ ಮರೆತ ಕಾರು ಯಾರದೋ ಕೈಯಲ್ಲಿ ಅಪಘಾತಕ್ಕೀಡಾದರೆ ಕೊಪ್ಪಳ ಸಾರಿಗೆ ಕಚೇರಿಯ ಕೆಎ-37ರ ದಾಖಲೆಯಲ್ಲಿ ಹೆಸರಿರುವವನ ಮನೆಗೇ ನೋಟಿಸು ಬರುತ್ತದೆ.

ಎಕ್ಸ್‌ಚೇಂಜ್ ಮಾಡಿದವರೂ ಈ ವಿಷಯದಲ್ಲಿ ನಿಶ್ಚಿಂತರಾಗಬಾರದು, ಏಕೆಂದರೆ ಷೋರೂಮಿನಿಂದ ವ್ಯಾಪಾರಿಗೆ, ವ್ಯಾಪಾರಿಯಿಂದ ಇನ್ನೊಬ್ಬನಿಗೆ ಹೋಗುವ ತನಕ ಆರ್‌ಸಿ ಹಳೆಯ ಹೆಸರಿನಲ್ಲೇ ಇರಬಹುದು. ಇದನ್ನು ಸರಿಪಡಿಸಲು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳು ಹಳೆಯ ವಾಹನಗಳ ಅಧಿಕೃತ ಡೀಲರ್ ಎಂಬ ವರ್ಗವನ್ನು ಸೃಷ್ಟಿಸಿವೆ. ಮಾಲೀಕ ಕಾರನ್ನು ಇಂಥ ಡೀಲರಿಗೆ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಸಾರಿಗೆ ಇಲಾಖೆಗೆ ತಿಳಿಸಿದಾಗ, ಮುಂದಿನ ಗಿರಾಕಿ ಸಿಗುವವರೆಗೆ ಡೀಲರನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಆ ಅವಧಿಯಲ್ಲಿ ಪರೀಕ್ಷಾರ್ಥ ಓಟ, ಪ್ರದರ್ಶನ, ದುರಸ್ತಿಗಳಂಥ ಕೆಲಸಗಳಿಗಷ್ಟೇ ಅವನು ಅದನ್ನು ರಸ್ತೆಗಿಳಿಸಬಹುದು. ಹಳೆಯ ಕಾರನ್ನು ಪಡೆಯುವವರಿಗೆ ಈ ಅಧಿಕೃತ ಪತ್ರ ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು.

ಸಣ್ಣವೆಂದು ಕಂಡರೂ ಬಿಡಬಾರದ ಕೆಲವು ಕೆಲಸಗಳಿವೆ. ವಿಮೆಯ ನೋ ಕ್ಲೇಮ್ ಬೋನಸ್, ಎಂದರೆ ಪರಿಹಾರ ಕೇಳದ ವರ್ಷಗಳಿಗಾಗಿ ಶೇ. 50ರವರೆಗೆ ಸಿಗುವ ರಿಯಾಯಿತಿ, ಕಾರಿನದಲ್ಲ, ಮಾಲೀಕನದು. ವಿಮಾ ಕಂಪನಿಯಿಂದ ಪತ್ರ ಪಡೆದರೆ ಅದನ್ನು ಹೊಸ ಕಾರಿಗೆ ಬಳಸಬಹುದು. ವಿದ್ಯುತ್ ಕಾರುಗಳು ಮೊಬೈಲ್ ಆ್ಯಪಿಗೆ ಜೋಡಿಸಲ್ಪಟ್ಟಿರುವುದರಿಂದ ಹಳೆಯ ಮಾಲೀಕನ ಖಾತೆಯನ್ನು ಅಳಿಸದಿದ್ದರೆ, ಮಾರಿದ ಮೇಲೂ ಕಾರು ಎಲ್ಲಿದೆ ಎಂಬುದು ಅವನ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ಇದು ಕೊಂಡವನ ಖಾಸಗಿತನದ ಪ್ರಶ್ನೆ. ಫಾಸ್ಟ್ಯಾಗ್ ಮುಚ್ಚಿಸಬೇಕು. ಗೋಡೆಗೆ ಕೂಡಿಸಿದ ಚಾರ್ಜರು ಮಾರಾಟದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬರೆದಿಡಬೇಕು. ಭತ್ತ, ತೊಗರಿ, ದಾಳಿಂಬೆಯ ಹಣ ಕೈಗೆ ಬಂದಾಗ ನಗದಿನಲ್ಲೇ ಕಾರು ಕೊಳ್ಳುವ ಅಭ್ಯಾಸ ಈ ಸೀಮೆಯಲ್ಲಿದ್ದರೂ, ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಮತ್ತು ದಂಡ ಬೀಳುವುದು ಹಣ ಪಡೆದವನಿಗೆ.

ಇಷ್ಟನ್ನೂ ತೂಗಿ ನೋಡಿದರೆ ಉತ್ತರ ಎಲ್ಲರಿಗೂ ಒಂದೇ ಆಗಲಾರದು. ಬ್ಯಾಟರಿಯ ವಾರಂಟಿ ಮುಗಿದಿರುವ ಅಥವಾ ಮುಗಿಯುತ್ತಿರುವ, ಸಾಲ ಬಹಳ ಉಳಿದಿರುವ, ಬ್ಯಾಟರಿ ಬಾಡಿಗೆಯ ಕರಾರಿನಲ್ಲಿರುವ ಕಾರಿಗೆ ಎಕ್ಸ್‌ಚೇಂಜೇ ತಕ್ಕ ದಾರಿ, ಕಡಿಮೆ ಬೆಲೆ ಬಂದರೂ ಮುಂದಿನ ಜಗಳಗಳಿಂದ ಅದು ಮಾಲೀಕನನ್ನು ಕಾಯುತ್ತದೆ. ಮೂರು ವರ್ಷಕ್ಕೂ ಹೆಚ್ಚು ವಾರಂಟಿ ಉಳಿದಿರುವ, ಅಧಿಕೃತ ಕೇಂದ್ರದ ಸರ್ವಿಸ್ ದಾಖಲೆ ಪೂರ್ತಿಯಾಗಿರುವ, ಆರೋಗ್ಯಾಂಕದ ಲಿಖಿತ ವರದಿ ಕೈಯಲ್ಲಿರುವ ಕಾರನ್ನು ಷೋರೂಮಿಗೆ ಒಪ್ಪಿಸುವುದು ದುಡಿದ ಹಣವನ್ನು ಬಿಟ್ಟುಕೊಟ್ಟಂತೆ. ಅದನ್ನು ನೇರವಾಗಿಯೇ ಮಾರಬೇಕು. ಯಾವ ದಾರಿ ಹಿಡಿದರೂ, ಕೀಲಿ ಕೊಡುವ ಮುನ್ನ ಕೊಂಡವನೊಂದಿಗೆ ಫಾರಂಗಳ ಅರ್ಜಿಯನ್ನು ಸಲ್ಲಿಸಿ ರಸೀದಿ ಪಡೆಯಿರಿ, ಮತ್ತು ತಿಂಗಳೊಳಗೆ ವಾಹನ್ ಜಾಲತಾಣದಲ್ಲಿ ಕಾರಿನ ಸಂಖ್ಯೆ ಹಾಕಿ ಮಾಲೀಕರ ಹೆಸರು ಬದಲಾಗಿದೆಯೇ ಎಂದು ನೀವೇ ನೋಡಿಕೊಳ್ಳಿ.